ಆಶ್ಲೇಷದಲ್ಲಿ ಕೇಳಬಾರದ ಪ್ರಶ್ನೆ

ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬಂದರೆ ನಾನು ಮೊದಲು ಹುಡುಕುವುದು ಮಳೆ ನಕ್ಷತ್ರಗಳನ್ನು. ಯಾವ ಮಳೆ ಯಾವತ್ತು ಹುಟ್ಟುತ್ತದೆ ಅಂತ ನೋಡಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ. ಮೇ ತಿಂಗಳಲ್ಲಿ ಕೃತ್ತಿಕೆ, ರೋಹಿಣಿ. ಜೂನ್ 7-8ಕ್ಕೆ ಮೃಗಶಿರಾ, 21-22ಕ್ಕೆ ಆರಿದ್ರಾ. ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ. ಅಕ್ಟೋಬರ್ 23-24ಕ್ಕೆ ಸ್ವಾತಿ ಹುಟ್ಟಿತು ಅಂದರೆ ನಮ್ಮ ಕಡೆ ಮಳೆಗಾಲದ ಲೆಕ್ಕ ಮುಗಿಯುತ್ತಾ ಬಂದ ಹಾಗೆ.

ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ನಾನು ಮದುವೆಯಾಗಿ ಇಲ್ಲಿಗೆ ಬಂದವಳು. ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ಈಗಲೂ ಹೊಟ್ಟೆಪಾಡು ಅಲ್ಲಿಯದೇ. ಮಹಡಿಯ ಕಿಟಕಿ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ನೋಡುತ್ತೇನೆ. ಆ ಕೆಲಸದ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ನಾಲ್ಕೇ ಭಾಗ. ಮೂರು ತಿಂಗಳಿಗೊಮ್ಮೆ ಟಾರ್ಗೆಟ್, ಮೂರು ತಿಂಗಳಿಗೊಮ್ಮೆ ವರದಿ. ಜುಲೈ ಆದರೂ ಅಷ್ಟೇ, ಜನವರಿ ಆದರೂ ಅಷ್ಟೇ, ಮನುಷ್ಯ ಒಂದೇ ಸಮನೆ ಓಡಬೇಕು. ಕಿಟಕಿಯ ಆಚೆಗೆ ಇನ್ನೊಂದು ಲೆಕ್ಕ ನಡೆಯುತ್ತಿರುತ್ತದೆ. ನನ್ನನ್ನು ನಾನು ಸ್ವಲ್ಪ ಅರ್ಥ ಮಾಡಿಕೊಂಡಿದ್ದರೆ ಅದು ಈ ಎರಡನೆಯ ಲೆಕ್ಕದಿಂದ.

ಮಳೆ ನಕ್ಷತ್ರ ಅಂದರೆ ಜಾತಕದ ಮಾತು ಅಂದುಕೊಳ್ಳುವವರಿದ್ದಾರೆ. ಇದಕ್ಕೂ ಭವಿಷ್ಯಕ್ಕೂ ಸಂಬಂಧವಿಲ್ಲ. ಆಕಾಶದಲ್ಲಿ ಸೂರ್ಯ ಸಾಗುವ ದಾರಿಯನ್ನು 27 ಪಾಲು ಮಾಡಿ ಒಂದೊಂದಕ್ಕೂ ಅಲ್ಲಿರುವ ನಕ್ಷತ್ರದ ಹೆಸರಿಟ್ಟಿದ್ದಾರೆ. ಒಂದು ಪಾಲು ದಾಟಲು ಸೂರ್ಯನಿಗೆ 13-14 ದಿನ ಬೇಕು. ಆ ದಿನಗಳಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರು. ಒಂದೊಂದು ಮಳೆಗೂ ನಾಲ್ಕು ಪಾದ, ಒಂದು ಪಾದ ಮೂರು ದಿನಕ್ಕೆ ಸ್ವಲ್ಪ ಜಾಸ್ತಿ. ಚಂದ್ರನ ತಿಥಿ ಹಿಡಿದರೆ ಹಬ್ಬಗಳು ವರ್ಷ ವರ್ಷ ಹಿಂದೆ ಮುಂದೆ ಆಗುತ್ತವೆ. ಬಿತ್ತನೆಗೆ ಅದು ಒಗ್ಗುವುದಿಲ್ಲ. ಹಾಗಾಗಿ ರೈತರು ಮಳೆಗೆ ಸೂರ್ಯನನ್ನು ಹಿಡಿದುಕೊಂಡರು. ನೋಡಿ, ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ಅದು ನಮ್ಮ ಘಟ್ಟ ತಲುಪುವ ಹೊತ್ತಿಗೆ ಸರಿಯಾಗಿ ಮೃಗಶಿರಾ.

ಬಂದ ಹೊಸತರಲ್ಲಿ ಅತ್ತೆಯ ಮಾತು ನನಗೆ ಅರ್ಧವೂ ಹಿಡಿಯುತ್ತಿರಲಿಲ್ಲ. "ಆರಿದ್ರೆ ಎರಡನೇ ಪಾದದಲ್ಲಿ ಅವಳಿಗೆ ಹೆರಿಗೆ ಆಗಿದ್ದು" ಅನ್ನುತ್ತಿದ್ದರು. "ಹಸ್ತದಲ್ಲಿ ತೆಗೆದ ಸಾಲ, ಸ್ವಾತಿಗೆ ತೀರಿಸಿದ್ದು" ಅನ್ನುತ್ತಿದ್ದರು. ಅವರಿಗೆ ತಾರೀಖು ಬೇಕಿರಲಿಲ್ಲ. ಒಂದು ಘಟನೆಯ ಜೊತೆಗೆ ಆಗ ಹೊರಗೆ ಏನಾಗುತ್ತಿತ್ತು ಅನ್ನುವುದೂ ಸೇರಿಕೊಂಡೇ ನೆನಪಾಗುತ್ತಿತ್ತು. ಹೆರಿಗೆಯ ಜೊತೆ ಗದ್ದೆಯ ನಾಟಿ, ಸಾಲದ ಜೊತೆ ತೆನೆ ಬಿಚ್ಚುವ ಭತ್ತ. ನನ್ನ ಬದುಕಿನ ಯಾವ ಘಟನೆಗೂ ಹೀಗೆ ಹಿನ್ನೆಲೆಯೇ ಇಲ್ಲವಲ್ಲ ಅನ್ನಿಸಿತು. ಪಿಯುಸಿ ಫಲಿತಾಂಶ ಬಂದ ದಿನ ಹೊರಗೆ ಬಿಸಿಲಿತ್ತೋ ಮಳೆಯಿತ್ತೋ, ನನಗೆ ಗೊತ್ತಿಲ್ಲ.

ಹಾಗೆ ಶುರುವಾದದ್ದು ಈ ನೋಟ್‌ಬುಕ್. ಮಳೆಯ ಹೆಸರು ಬರೆಯುವುದು, ಕೆಳಗೆ ಹೊರಗೆ ಕಂಡದ್ದು ನಾಲ್ಕು ಸಾಲು, ಅದರ ಕೆಳಗೆ ನಾನು ಹೇಗಿದ್ದೆ ಅನ್ನುವುದು ಎರಡು ಸಾಲು. ಅಷ್ಟೇ. ಡೈರಿ ಬರೆಯುವ ಶಿಸ್ತು ನನಗೆ ಒಗ್ಗಿದ್ದಲ್ಲ. ಹದಿನೈದು ದಿನಕ್ಕೊಮ್ಮೆ ಆರು ಸಾಲು ಯಾರಿಗಾದರೂ ಆಗುತ್ತದೆ.

ಮೃಗಶಿರಾದ ಪುಟಗಳಲ್ಲಿ ಸದ್ದೇ ಜಾಸ್ತಿ. ಮೊದಲ ಜೋರು ಮಳೆಯ ರಾತ್ರಿ ಕಪ್ಪೆಗಳು ಕೂಗಿಕೊಳ್ಳುವುದು, ಗದ್ದೆಗೆ ಹತ್ತುಮೀನು (ಹರಿವ ನೀರಿಗೆ ಎದುರಾಗಿ ಹತ್ತಿ ಬರುವ ಮೀನು) ಏರಿ ಬಂತು ಅಂತ ಹುಡುಗರು ಬ್ಯಾಟರಿ ಹಿಡಿದು ಓಡುವುದು, ಬೆಳಗಿನ ಜಾವ ಹಳ್ಳದ ಕಡೆಯಿಂದ ಸಿಳ್ಳಾರ ಹಕ್ಕಿಯ ಹಾಡು. ಈ ಸಿಳ್ಳಾರ ಚಳಿಗಾಲದಲ್ಲಿ ಬಹುಮಟ್ಟಿಗೆ ಸುಮ್ಮನಿರುತ್ತದೆ. ಮಳೆ ಹಿಡಿಯಿತೋ, ಇನ್ನೂ ಕತ್ತಲಿರುವಾಗಲೇ ಶುರು. ಗಂಡು ಹಕ್ಕಿ ಹಳ್ಳದ ನೀರಿನ ಸದ್ದನ್ನೂ ಮೀರಿಸಿ ಹಾಡುತ್ತದೆ. ರಾಗ ಎಲ್ಲೋ ಹೊರಟು ಎಲ್ಲೋ ಹೋಗುತ್ತದೆ, ಮುಗಿಯಿತು ಅಂದುಕೊಂಡ ಕಡೆ ಮತ್ತೆ ಏಳುತ್ತದೆ. ಆ ದಿನಗಳಲ್ಲಿ ನನ್ನ ಎರಡು ಸಾಲುಗಳೂ ಉತ್ಸಾಹದ್ದೇ. ಹೊಸ ಕೋರ್ಸಿಗೆ ಸೇರಬೇಕು, ತಂಗಿಗೆ ಉದ್ದದ ಪತ್ರ ಬರೆಯಬೇಕು, ಹಿತ್ತಿಲಿಗೆ ಬೆಂಡೆ ಹಾಕಬೇಕು. ಆರಿದ್ರಾದಲ್ಲೂ ಹಾಗೇ. "ಆದರೆ ಆರಿದ್ರಾ, ಆಗದಿದ್ದರೆ ದರಿದ್ರ" ಅಂತ ಗಾದೆ. ಊರಿಗೆ ಊರೇ ಕೆಲಸಕ್ಕೆ ಇಳಿದಿರುತ್ತದೆ. ಸುತ್ತ ಎಲ್ಲರೂ ಏನಾದರೊಂದು ಶುರು ಮಾಡುತ್ತಿರುವಾಗ ನಮಗೂ ಕೈ ಸುಮ್ಮನಿರುವುದಿಲ್ಲ, ಅಲ್ವಾ?

ಪುನರ್ವಸು, ಪುಷ್ಯದ ಹೊತ್ತಿಗೆ ತೋಟದ್ದೇ ಚಿಂತೆ. ಅಡಿಕೆಗೆ ಕೊಳೆ ರೋಗ ಬರುವ ಕಾಲ ಅದು. ಬಿಡದೆ ಸುರಿಯುವ ಮಳೆ, ನಡುನಡುವೆ ಚೂರು ಬಿಸಿಲು ಬಂದರೆ ರೋಗಕ್ಕೆ ಹಬ್ಬ. ಎಳೆ ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ ಬೀಳುತ್ತದೆ, ಆಮೇಲೆ ಕಾಯಿ ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿ ಬೂಸ್ಟು. ಇದಕ್ಕೆ ಮದ್ದು ಬೋರ್ಡೋ ದ್ರಾವಣ. ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ ಹೊಡೆದಿರುತ್ತಾರೆ, ಅದಾಗಿ 40-45 ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ಆ ಎರಡನೆಯ ಸಲ ಬರುವುದು ಸುರಿಯುವ ಮಳೆಯ ನಟ್ಟ ನಡುವೆ. ಹೊಳವು (ಮಳೆ ಬಿಟ್ಟ ಹೊತ್ತು) ಸಿಕ್ಕಿದ ದಿನವೇ ಹೊಡೆದು ಮುಗಿಸಬೇಕು.

ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತವನ್ನು ಐವತ್ತು ಲೀಟರಿನಲ್ಲಿ ಬೇರೆ ಕರಗಿಸುತ್ತಾರೆ, ಸುಣ್ಣವನ್ನು ಐವತ್ತು ಲೀಟರಿನಲ್ಲಿ ಬೇರೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದು ಕೂಡದು. ಆಮೇಲೆ ನೀಲಿ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕೋಲಿನಿಂದ ತಿರುವಬೇಕು. ಬೇಸಿಗೆಯ ಆಕಾಶದ ತಿಳಿ ನೀಲಿ ಬಣ್ಣ ಬರುತ್ತದೆ. ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ನಮ್ಮ ತೋಟಕ್ಕೆ ಬರುವ ಕೊನೆಗಾರ (ಮರ ಹತ್ತಿ ಅಡಿಕೆಯ ಕೊನೆ, ಅಂದರೆ ಗೊನೆ, ಇಳಿಸುವವರು) ಸೊಂಟದ ಕತ್ತಿ ತೆಗೆದು, ಬಾಯನ್ನು ಕಲ್ಲಿಗೆ ಚೆನ್ನಾಗಿ ಉಜ್ಜಿ, ಡ್ರಮ್ಮಿನಲ್ಲಿ ಅದ್ದಿ ಹಿಡಿದರು. ಸ್ವಲ್ಪ ಹೊತ್ತಿಗೆ ತೆಗೆದು ಬೆಳಕಿಗೆ ಒಡ್ಡಿದರು. ಕತ್ತಿಯ ಮೇಲೆ ತೆಳ್ಳಗೆ ಕೆಂಪು ಛಾಯೆ.

"ನೋಡಿ ಅಮ್ಮಾ, ಹುಳಿ ಉಳಿದಿದೆ. ಹೀಗೇ ಹೊಡೆದ್ರೆ ಕೊನೆ ಸುಟ್ಟು ಹೋಗ್ತದೆ" ಅಂದರು.

"ತೂಕ ಮಾಡಿಯೇ ಹಾಕಿದ್ದಲ್ವಾ? ಎರಡೂ ಒಂದೊಂದು ಕೆ.ಜಿ."

"ತೂಕ ಸರಿ ಇದೆ. ಸುಣ್ಣ ಹಳೇದು."

ಇನ್ನಷ್ಟು ಸುಣ್ಣದ ತಿಳಿ ಹಾಕಿ ತಿರುವಿ, ಮತ್ತೆ ಕತ್ತಿ ಉಜ್ಜಿ ಅದ್ದಿ ನೋಡಿದರು. ಈ ಸಲ ಕಬ್ಬಿಣ ಬೆಳ್ಳಗೇ ಇತ್ತು. ದ್ರಾವಣದಲ್ಲಿ ಮೈಲುತುತ್ತ ಬಿಡಿಯಾಗಿ ಉಳಿದಿದ್ದರೆ ಅದರ ತಾಮ್ರ ಬಂದು ಕಬ್ಬಿಣಕ್ಕೆ ಅಂಟುತ್ತದೆ. ಸುಣ್ಣ ಸಾಕಷ್ಟಿದ್ದರೆ ಅಂಟುವುದಿಲ್ಲ. ಇಷ್ಟೇ ಇದರ ಗುಟ್ಟು. ಮಾಡಿದ ದ್ರಾವಣವನ್ನು ಅವತ್ತೇ ಮುಗಿಸಬೇಕು, ನಾಳೆಗೆ ಇಟ್ಟರೆ ಕೆಲಸಕ್ಕೆ ಬಾರದು.

ಸಮತೋಲನ ಅನ್ನುವ ಮಾತು ಬಂದಾಗಲೆಲ್ಲ ನನಗೆ ಈ ಕತ್ತಿ ನೆನಪಾಗುತ್ತದೆ. ಇಷ್ಟು ಗಂಟೆ ಕೆಲಸ, ಇಷ್ಟು ಗಂಟೆ ನಿದ್ದೆ, ಇಷ್ಟು ಹೊತ್ತು ವ್ಯಾಯಾಮ ಅಂತ ನಾವು ತೂಕ ಹಾಕಿ ಬದುಕನ್ನು ಬೆರೆಸುತ್ತೇವೆ. ತೂಕ ಸರಿಯಿದ್ದೂ ಒಳಗೆ ಏನೋ ಸುಡುತ್ತಿರುತ್ತದೆ. ಯಾವ ಸುಣ್ಣ ಹಳೆಯದಾಗಿದೆ ಅಂತ ತಿಳಿಯಬೇಕಾದರೆ ಅದ್ದಿ ನೋಡಬೇಕು. ನನ್ನ ಮಟ್ಟಿಗೆ ಆ ಎರಡು ಸಾಲು ಬರೆಯುವುದೇ ಅದ್ದಿ ನೋಡುವುದು. ಹೊರಗೆ ನಾಲ್ಕು ಸಾಲು ನೋಡಿ ಬಂದ ಕಣ್ಣು ಒಳಗನ್ನೂ ಸ್ವಲ್ಪ ನಿಜವಾಗಿ ನೋಡುತ್ತದೆ.

ಇನ್ನು ಆಶ್ಲೇಷ. ಆಗಸ್ಟ್ 2-3ಕ್ಕೆ ಹುಟ್ಟುತ್ತದೆ. "ಆಶ್ಲೇಷ ಮಳೆ, ಈಸಲಾರದ ಹೊಳೆ" ಅಂತಾರೆ. ಅಷ್ಟು ಹೊತ್ತಿಗೆ ಮಳೆ ಹಿಡಿದು ಎರಡು ತಿಂಗಳಾಗಿರುತ್ತದೆ. ಮಧ್ಯಾಹ್ನ ಮೂರಕ್ಕೆ ಲೈಟು ಹಾಕಬೇಕು, ಕರೆಂಟ್ ಇದ್ದರೆ. ಬಟ್ಟೆ ಒಣಗುವುದಿಲ್ಲ. ಚಪ್ಪಲಿಗೆ, ಪುಸ್ತಕಕ್ಕೆ, ಚರ್ಮದ ಬೆಲ್ಟಿಗೆ ಬೂಸ್ಟು. ತೋಟಕ್ಕೆ ಹೋಗಿ ಬಂದರೆ ಕಾಲಿಗೆ ಉಂಬಳ (ಜಿಗಣೆ). ಇಂಟರ್ನೆಟ್ ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಹೇಳುವಂತಿಲ್ಲ. ಅತ್ತೆ ಬಚ್ಚಲ ಒಲೆಯ ಮುಂದೆ ಕೂತು ಹಲಸಿನ ಬೀಜ ಸುಡುತ್ತಾರೆ. ಕಳಲೆ ಹೆಚ್ಚಿ ನೀರಿನಲ್ಲಿ ಹಾಕಿಟ್ಟು ದಿನವೂ ನೀರು ಬದಲಾಯಿಸುತ್ತಾರೆ, ನಂಜು ಹೋಗಬೇಕಲ್ಲ. ಕೆಸುವಿನ ಎಲೆಗೆ ಹುಳಿ ಮುಂದಾಗಿ ಹಾಕಿ ಪತ್ರೊಡೆ ಮಾಡುತ್ತಾರೆ. ಈ ಕಾಲದ ಊಟವೆಲ್ಲ ಹೀಗೇ. ನೆನೆಸಿ, ಹುಳಿ ಹಾಕಿ, ಬೇಯಿಸಿ, ಪಳಗಿಸಿ ತಿನ್ನುವಂಥದ್ದು. ಅವಸರ ಮಾಡಿದರೆ ಗಂಟಲು ತುರಿಸುತ್ತದೆ.

ಮೂರ್ನಾಲ್ಕು ವರ್ಷದ ನೋಟ್‌ಬುಕ್ ಒಟ್ಟಿಗೆ ಇಟ್ಟುಕೊಂಡು ಓದಿದ ದಿನ ನನಗೆ ಮೈ ಜುಂ ಅಂದಿತು. ಪ್ರತಿ ಆಶ್ಲೇಷದ ಪುಟದಲ್ಲೂ ಒಂದೇ ಮಾತು ಬೇರೆ ಬೇರೆ ಅಕ್ಷರದಲ್ಲಿ ಇದೆ. ಕೆಲಸ ಬಿಡಬೇಕು. ಈ ಊರಿಗೆ ಬಂದು ಏನು ಸಾಧಿಸಿದೆ? ನನ್ನಿಂದ ಯಾರಿಗೆ ಏನು ಪ್ರಯೋಜನ? ಬರೆಯುವಾಗ ಪ್ರತಿ ಸಲವೂ ಇದು ಮೊದಲ ಸಲ ಬಂದ ಯೋಚನೆ ಅನ್ನುವ ಹಾಗೆ, ಬಹಳ ಗಂಭೀರವಾಗಿ ಬರೆದಿದ್ದೇನೆ. ಹಸ್ತದ ಪುಟದಲ್ಲಿ ಆ ಪ್ರಶ್ನೆಯ ಸುಳಿವಿಲ್ಲ. ಸ್ವಾತಿಯಲ್ಲಿ ಒಮ್ಮೆಯೂ ಇಲ್ಲ.

ಬದುಕಿನ ದೊಡ್ಡ ಪ್ರಶ್ನೆ ಅಂತ ನಾನು ನಂಬಿದ್ದಕ್ಕೆ ಒಂದು ಕಾಲ ಇದೆ, ಅದು ಹುಟ್ಟುತ್ತದೆ, ನಾಲ್ಕು ಪಾದ ನಡೆಯುತ್ತದೆ, ಹೋಗುತ್ತದೆ. ಇದು ತಿಳಿದಾಗ ನನಗೆ ಎಷ್ಟು ಹಗುರವಾಯಿತು ಅಂತ ಹೇಳಲಾರೆ. ಬೆಳಕು ಕಡಿಮೆಯಾದರೆ ನಿದ್ದೆ, ಮನಸ್ಸು ಎರಡೂ ಏರುಪೇರಾಗುತ್ತವೆ ಅಂತ ವೈದ್ಯರೂ ಹೇಳುತ್ತಾರೆ. ಅದನ್ನು ನಾನೂ ಓದಿದ್ದೆ. ಆದರೆ ಓದಿದ್ದು ಬೇರೆ, ನನ್ನದೇ ಕೈಬರಹದಲ್ಲಿ ಕಂಡದ್ದು ಬೇರೆ. ಈಗ ಮನೆಯಲ್ಲಿ ನಾನೇ ಒಂದು ನಿಯಮ ಮಾಡಿಕೊಂಡಿದ್ದೇನೆ. ಆಶ್ಲೇಷದಲ್ಲಿ "ನಾನು ಯಾಕೆ ಹೀಗೆ?" ಅನ್ನುವ ಪ್ರಶ್ನೆ ಕೇಳಿಕೊಳ್ಳುವುದಿಲ್ಲ. ಬಂದರೆ ಬರೆದಿಟ್ಟು, ಮಘೆ ದಾಟಿ ಹುಬ್ಬೆ ಹುಟ್ಟಿದ ಮೇಲೆ ತೆಗೆದು ನೋಡುತ್ತೇನೆ. ಆಗಲೂ ಅದು ಪ್ರಶ್ನೆಯಾಗಿಯೇ ಉಳಿದಿದ್ದರೆ ಕೂತು ಯೋಚಿಸುತ್ತೇನೆ. (ಒಂದು ಮಾತು. ಎಲ್ಲ ಮಳೆಗಳೂ ದಾಟಿ, ಬಿಸಿಲು ಬಂದ ಮೇಲೂ ಮನಸ್ಸು ಏಳದಿದ್ದರೆ ಅದಕ್ಕೆ ನೋಟ್‌ಬುಕ್ ಸಾಲದು. ವೈದ್ಯರ ಹತ್ತಿರ ಹೋಗಬೇಕು.)

ಪ್ರಕೃತಿ ಅಂದರೆ ಎಲ್ಲವನ್ನೂ ವಾಸಿ ಮಾಡುವ ತಾಯಿ ಅನ್ನುವ ಮಾತು ಈಗ ತುಂಬಾ ಕೇಳಿಬರುತ್ತದೆ. ಇಲ್ಲಿ ಬದುಕಿದವರು ಅಷ್ಟು ಸುಲಭಕ್ಕೆ ಹಾಗೆ ಹೇಳಲಾರರು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದು ಆಶ್ಲೇಷ ಮುಗಿದು ಮಘೆ ಹುಟ್ಟುವ ದಿನಗಳಲ್ಲಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ನಡೆಯುತ್ತಿದ್ದದ್ದು ಪುನರ್ವಸು. ಆ ರಾತ್ರಿಗಳಲ್ಲಿ ನಮ್ಮ ಮನೆಯಲ್ಲೂ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಮನೆ ಹಿಂದಿನ ಧರೆಯ ಕಡೆ ಕಿವಿಯಿಟ್ಟೇ ಮಲಗಿದ್ದೆವು. ಮಳೆಗೆ ನಾವು ಇದ್ದೇವೆ ಅನ್ನುವುದೇ ಗೊತ್ತಿಲ್ಲ. ಅದು ನಮ್ಮನ್ನು ಸಮಾಧಾನ ಮಾಡಲು ಬರುವುದಿಲ್ಲ, ಶಿಕ್ಷೆ ಕೊಡಲೂ ಬರುವುದಿಲ್ಲ. ನನಗೆ ಇದರಲ್ಲೇ ಒಂದು ನೆಮ್ಮದಿಯಿದೆ. ಕಂಪನಿಯಲ್ಲಿ, ಬಂಧುಗಳಲ್ಲಿ, ಫೋನಿನೊಳಗೆ, ಎಲ್ಲ ಕಡೆ ನನ್ನನ್ನು ಅಳೆಯುವವರಿದ್ದಾರೆ. ಅಳೆಯದೇ ಇರುವುದು ಇದೊಂದೇ.

ಮಳೆ ಬರದ ವರ್ಷದಿಂದ ಕಲಿತದ್ದು ಇನ್ನೂ ಜಾಸ್ತಿ. 2023ರ ಆಗಸ್ಟ್, 1901ರಿಂದೀಚೆಗೆ ದೇಶದಲ್ಲೇ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್. ಈಸಲಾರದ ಹೊಳೆಯಾಗಬೇಕಿದ್ದ ಆಶ್ಲೇಷದಲ್ಲಿ ನಮ್ಮಲ್ಲಿ ಬಿಸಿಲು. ನಾಟಿ ಮಾಡಿದ ಗದ್ದೆಗಳು ಬಿರುಕು ಬಿಟ್ಟವು. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅನ್ನುವ ಗಾದೆ ಹೇಳಿಕೊಂಡು ಕಾದರು. ಮಘೆಯೂ ಒಣಗಿ ಹೋಯಿತು. ಅದರ ಕೊನೆಯ ದಿನ ಸಂಜೆ ಅತ್ತೆ ಜಗಲಿಯಲ್ಲಿ ಕೂತು "ಮಘೆ ಹೋಯ್ತು ಮಾರಾಯ್ತಿ. ನಾಳೆ ಹುಬ್ಬೆ ಹುಟ್ಟುತ್ತದೆ" ಅಂದರು. ಒಂದು ಹನಿ ಬೀಳದಿದ್ದರೂ ಆ ಮಳೆ ಹುಟ್ಟಿತ್ತು, ತನ್ನ ದಿನ ಮುಗಿಸಿ ಹೋಯಿತು. ಅದು ಕೈಕೊಟ್ಟಿತು ಅಂತ ಬೇಜಾರು ಮಾಡಿಕೊಂಡರು, ಬೈದರು, ಲೆಕ್ಕ ಮುಚ್ಚಿದರು. ಮಾರನೆಯ ಬೆಳಗ್ಗೆ ಹೊಸ ಹೆಸರು, ಹೊಸ ನಿರೀಕ್ಷೆ.

ನಮ್ಮ ಪೇಟೆಯ ದುಃಖಗಳಿಗೆ ಇಂಥ ಗಡಿಯಿಲ್ಲ. ಬಾರದ ಬಡ್ತಿ, ಮಾತು ಬಿಟ್ಟ ಗೆಳತಿ, ನಡೆಯದ ಯೋಜನೆ, ಒಂದಕ್ಕೂ ಕೊನೆಯ ದಿನ ಅಂತ ಇರುವುದಿಲ್ಲ. ಅವು ವರ್ಷಗಟ್ಟಲೆ ಹಾಗೇ ಎಳೆಯುತ್ತವೆ. ಆ ವರ್ಷ ನನಗೂ ಒಂದು ಆಸೆ ಕೈಗೂಡಿರಲಿಲ್ಲ. ಅದೇನು ಅನ್ನುವುದು ಇಲ್ಲಿ ಬೇಡ. ಅತ್ತೆಯ ಮಾತು ಕೇಳಿದ ರಾತ್ರಿ ನೋಟ್‌ಬುಕ್ಕಿನಲ್ಲಿ ಮಘೆಯ ಕೆಳಗೆ ಅದನ್ನೂ ಬರೆದು ಗೆರೆ ಎಳೆದೆ. ನೋವು ಹೋಗಲಿಲ್ಲ. ಆದರೆ ಅದು ಎಲ್ಲ ದಿನಗಳಿಗೂ ಹರಡುವುದು ನಿಂತಿತು.

ಈ ಲೆಕ್ಕವೇ ಕಲ್ಲಿನಲ್ಲಿ ಕೊರೆದದ್ದು ಅಂತಲೂ ಅಲ್ಲ. ಭೂಮಿಯ ಅಕ್ಷ ನಿಧಾನಕ್ಕೆ ತಿರುಗುತ್ತಾ ಇರುವುದರಿಂದ ಸೂರ್ಯ ಒಂದು ನಕ್ಷತ್ರವನ್ನು ಸೇರುವ ದಿನ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ಮುಂದೆ ಸರಿಯುತ್ತದೆ. ಸಾವಿರ ವರ್ಷಕ್ಕೆ ಹತ್ತಿರ ಹತ್ತಿರ ಒಂದು ಮಳೆಯಷ್ಟು ಅಂತರ. ಮಳೆ ಮಾತ್ರ ಋತುವಿನ ಜೊತೆಗೇ ಇರುತ್ತದೆ. ಅಂದರೆ ಹಿಂದಿನವರು ಕಟ್ಟಿದ ಗಾದೆಗಳು ಆಗಿನ ಆಕಾಶಕ್ಕೆ ಸರಿ. ಅದರ ಮೇಲೆ ಈಗಿನ ಹವಾಮಾನ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, 2009ರ ನಂತರ ಅಷ್ಟು ಬೇಗ ಬಂದದ್ದೇ ಇಲ್ಲ. ಮೃಗಶಿರಾದ ಕಪ್ಪೆಗಳು ನಮ್ಮಲ್ಲಿ ರೋಹಿಣಿಯಲ್ಲೇ ಕೂಗಿದವು. ಅದನ್ನೂ ಬರೆದಿಟ್ಟೆ. ಹೆಸರಿದ್ದದ್ದಕ್ಕೇ ತಾನೇ ವ್ಯತ್ಯಾಸ ಗೊತ್ತಾದದ್ದು?

ಊರಿಂದ ಊರಿಗೂ ಇದು ಬೇರೆ. ವಿಜಯಪುರದ ಕಡೆಯ ಗೆಳತಿಯೊಬ್ಬಳಿಗೆ ರೋಹಿಣಿ ಅಂದರೆ ಪ್ರಾಣ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಅನ್ನುವುದು ಅವರ ನಾಡಿನ ಗಾದೆ. ಎರಿ ಭೂಮಿಗೆ ಹಿಂಗಾರಿ ಜೋಳ ಬಿತ್ತಲು ಅವರು ಕಾಯುವುದು ಉತ್ತರೆ, ಹಸ್ತಕ್ಕೆ. ನಾವು ಮಳೆ ಸಾಕಪ್ಪಾ ಅನ್ನುವ ಹೊತ್ತಿಗೆ ಅವರಿಗೆ ಮಳೆ ಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಸುರಿಯುತ್ತದೆ, ಅವಳ ಊರಿನಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಒಂದೇ ಹೆಸರು, ಒಂದೇ ತಾರೀಖು, ಆದರೂ ಅವಳ ಹಸ್ತ ನನ್ನ ಹಸ್ತ ಅಲ್ಲ. ಅವಳು ಚಟುವಟಿಕೆಯಿಂದ ಇರುವ ದಿನಗಳಲ್ಲಿ ನಾನು ಮಂಕಾಗಿದ್ದರೆ ನನ್ನಲ್ಲೇನೋ ಕೊರತೆ ಅಂತ ಮೊದಲೆಲ್ಲ ಅನ್ನಿಸುತ್ತಿತ್ತು. ಈಗ ಫೋನ್ ಮಾಡಿದರೆ "ನಿಮ್ಮಲ್ಲಿ ಹೆಂಗದ ಮಳಿ?" ಅಂತ ಅವಳು ಕೇಳುತ್ತಾಳೆ, "ನಿಮ್ಮಲ್ಲಿ?" ಅಂತ ನಾನು ಕೇಳುತ್ತೇನೆ. ಅದರಲ್ಲೇ ಇಬ್ಬರ ಮನಸ್ಸಿನ ವಿಚಾರವೂ ಗೊತ್ತಾಗುತ್ತದೆ.

ಹಸ್ತ, ಚಿತ್ತೆಯ ಹೊತ್ತಿಗೆ ಬರುವ ಸೀಗೆ ಹುಣ್ಣಿಮೆಯನ್ನು ನಮ್ಮಲ್ಲಿ ಭೂಮಿ ಹುಣ್ಣಿಮೆ ಅಂತ ಮಾಡುತ್ತಾರೆ. ತೆನೆ ಹೊತ್ತ ಭೂಮಿಗೆ ಬಸುರಿ ಬಯಕೆಯ ಊಟ. ದೀವರು ಸಮುದಾಯದ ಮನೆಯ ಹೆಂಗಸರು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿ ಹಿಟ್ಟಿನಿಂದ ಚಿತ್ತಾರ ಬರೆಯುತ್ತಾರೆ, ಅದನ್ನು ಭೂಮಣ್ಣಿ ಬುಟ್ಟಿ ಅನ್ನುತ್ತಾರೆ. ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮುಂಚೆ ಆ ಬುಟ್ಟಿ ಹೊತ್ತುಕೊಂಡು ಗದ್ದೆಗೆ ಹೋಗುತ್ತಾರೆ. ಕಾಡಿನ, ಹಿತ್ತಿಲಿನ ನೂರೊಂದು ಕುಡಿ ಸೊಪ್ಪು ಬೇಯಿಸಿ ಗದ್ದೆಗೆ ಬೀರುತ್ತಾರೆ. ನಮ್ಮ ಪಕ್ಕದ ಮನೆಯವರು ಹೋಗುವಾಗ ನಾನೂ ಜೊತೆಗೆ ಹೋಗುತ್ತೇನೆ. ಸೊಪ್ಪು ಕೊಯ್ಯಲು ಹಿಂದಿನ ದಿನವೇ ಕರೆಯುತ್ತಾರೆ. ಎಷ್ಟು ಬಗೆ ಸೊಪ್ಪು ನನಗೆ ಈಗ ಗುರುತು ಸಿಗುತ್ತದೆ ಅಂತ ಆ ಮನೆಯ ಅಜ್ಜಿ ಪರೀಕ್ಷೆ ಮಾಡುತ್ತಾರೆ. ವರ್ಷ ವರ್ಷ ಒಂದೆರಡು ಜಾಸ್ತಿ ಹೇಳುತ್ತೇನೆ.

ಬೆಂಗಳೂರಿನಲ್ಲಿರುವ ನನ್ನ ತಂಗಿ ಹತ್ತನೇ ಮಹಡಿಯಲ್ಲಿದ್ದಾಳೆ. ಇದೆಲ್ಲ ತೋಟ, ಗದ್ದೆ ಇದ್ದವರಿಗೆ ಅಂತ ಅವಳ ವಾದ. ನನಗೆ ಹಾಗನ್ನಿಸುವುದಿಲ್ಲ. ಬೆಂಗಳೂರಿಗೂ ಮಳೆಯಿದೆ. ಅಲ್ಲಿ ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ನಮ್ಮ ಕತ್ತಲ ಆಶ್ಲೇಷ ಅವಳಲ್ಲಿ ತುಂತುರು, ತಂಗಾಳಿ. ಅವಳ ದೊಡ್ಡ ಮಳೆಗಳು ಹುಬ್ಬೆ, ಉತ್ತರೆ, ಹಸ್ತ. ಹೋದ ಮೃಗಶಿರಾದಿಂದ ಅವಳೂ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಬಾಲ್ಕನಿಯಿಂದ ಕಾಣುವ ಒಂದು ಹೊಂಗೆ ಮರ, ಅದರಾಚೆಗಿನ ಕೆರೆಯ ಚೂರು, ಇವೇ ಅವಳ ನಾಲ್ಕು ಸಾಲು. ಮೊನ್ನೆ ಫೋನಿನಲ್ಲಿ "ಅಕ್ಕಾ, ನಂಗೆ ಆಶ್ಲೇಷದಲ್ಲಿ ಏನೂ ಆಗಲಿಲ್ಲ ಕಣೆ. ಉತ್ತರೆ ಹುಟ್ಟಿದ ಮೇಲೆ ಯಾಕೋ ಯಾರ ಜೊತೆಗೂ ಮಾತಾಡೋಕೆ ಮನಸ್ಸಿಲ್ಲ" ಅಂದಳು. "ಒಂದು ವರ್ಷದ್ದು ನೋಡಿ ಏನೂ ಹೇಳಬೇಡ, ಇನ್ನೆರಡು ವರ್ಷ ಬರಿ" ಅಂದೆ. ದೀಪಾವಳಿಗೆ ಬರುತ್ತಾಳೆ. ಬರುವಾಗ ನೋಟ್‌ಬುಕ್ ತರಬೇಕು ಅಂತ ಹೇಳಿದ್ದೇನೆ. ನನ್ನದೂ ಅವಳದೂ ಪಕ್ಕ ಪಕ್ಕ ಇಟ್ಟುಕೊಂಡು ಓದುವುದಿದೆ.